ಮಗಳ ಕಾಮಿಕ್ಸಿಗೆ ಹಳೇ ಕಾಲದ ಯಾವ ಶೈಲಿ? ಮೊದಲು ಅವಳ ಮುಖವನ್ನು 2 ಸೆಂಟಿಮೀಟರಿಗೆ ಇಳಿಸಿ ನೋಡಿ

ಪ್ರಶ್ನೆ: ನಾವು ಬೀದರಿನವರು. ಮಗಳಿಗೆ ಬರುವ ತಿಂಗಳು 7 ತುಂಬುತ್ತದೆ. ಅವಳನ್ನೇ ನಾಯಕಿ ಮಾಡಿ 12 ಪುಟದ ಕಾಮಿಕ್ಸ್ ಮಾಡಿಸಿ ಕೊಡಬೇಕು ಅಂತಿದ್ದೇವೆ. ಕತೆ ನಾನೇ ಬರೆದೆ. ಅಜ್ಜಿಯ ಬಿದ್ರಿ ಡಬ್ಬಿ ಕಳೆದುಹೋಗುತ್ತದೆ, ಇವಳೂ ಇವಳ ಬೆಕ್ಕೂ ಸೇರಿ ಕೋಟೆಯೆಲ್ಲ ಹುಡುಕುತ್ತಾರೆ. ಚಿತ್ರ ಹಳೇ ಕಾಲದ ಕಾಮಿಕ್ಸಿನ ಹಾಗಿರಬೇಕು ಅನ್ನುವುದರಲ್ಲಿ ಮನೆಯವರೆಲ್ಲ ಒಂದೇ. ಯಾವ ಹಳೇ ಕಾಲ ಅನ್ನುವುದರಲ್ಲೇ ಜಗಳ. ನಮ್ಮ ಯಜಮಾನರಿಗೆ ಫ್ಯಾಂಟಮ್ ಬೇಕು, ನನಗೆ ಅಮರ ಚಿತ್ರಕಥೆ, ನನ್ನ ತಮ್ಮನಿಗೆ ಟಿನ್‌ಟಿನ್, ಮಾವನವರಿಗೆ ಚಂದಮಾಮ. ಚಿತ್ರ ಬರೆಯುವವರು ‘ಒಂದು ಶೈಲಿ ಹೇಳಿ, ಶುರು ಮಾಡ್ತೀನಿ’ ಅಂತ ಕಾಯ್ತಿದ್ದಾರೆ. ಯಾವುದು ಸರಿ?

ಉತ್ತರ: ನಾಲ್ಕೂ ಒಳ್ಳೆಯವೇ. ಆದರೆ ನೀವು ನಾಲ್ಕು ಜನ ಕೂತು ಮಾಡುತ್ತಿರುವುದು ನಿಮ್ಮ ನಿಮ್ಮ ಬಾಲ್ಯದ ಆಯ್ಕೆ. ಓದುವವಳು ಅವಳು. ಅವಳಿಗೆ ಹಳೇ ಕಾಲದ ನೆನಪು ಅನ್ನುವುದೇ ಇಲ್ಲ, ಅವಳಿಗೆ ಇದು ಹೊಸ ಪುಸ್ತಕ. ಅವಳು ಮೊದಲ ಪುಟ ತೆರೆದು ನೋಡುವುದು ಒಂದೇ: ಇದು ನಾನೇನಾ?

ಈ ಪಾಠವನ್ನು ನಾನು ನನ್ನ ಅಕ್ಕನ ಮಗನಿಂದ ಕಲಿತೆ. ಆಗ ಅವನಿಗೆ 6 ವರ್ಷ. ಕಲಬುರಗಿ ಕೋಟೆಯ ಆ ಉದ್ದನೆಯ ತೋಪಿನ (ಫಿರಂಗಿಯ) ಮೇಲೆ ಅವನು ನಿಂತು ಕಳ್ಳರನ್ನು ಓಡಿಸುವ ಹಾಗೆ 8 ಪುಟ ಬರೆದೆ. 1940ರ ದಶಕದ ಅಮೆರಿಕದ ಸೂಪರ್ ಹೀರೋ ಶೈಲಿ. ಅಗಲ ಎದೆ, ಚೌಕ ದವಡೆ, ಹಾರುವ ಹೊದಿಕೆ, ಕುಂಚದಲ್ಲಿ ಎಳೆದ ದಪ್ಪ ನೆರಳು. ನನಗೆ ಭಾರಿ ಖುಷಿ. ಅವನು ಕೂತು ಒಂದೊಂದೇ ಪುಟ ತಿರುವಿ, ಕೊನೆಗೆ ಪುಸ್ತಕ ಮುಚ್ಚಿ ಕೇಳಿದ: ‘ಮಾಮಾ, ಇದ್ರಾಗ ನಾ ಎಲ್ಲಿ ಅದೀನಿ?’

ಎಂಟೂ ಪುಟದಲ್ಲಿ ಅವನೇ ಇದ್ದ. ಆದರೆ ಅವನ ದುಂಡು ಮುಖ, ಹಣೆ ಮೇಲೆ ಬೀಳುವ ಕೂದಲು, ಕಿವಿ ಸ್ವಲ್ಪ ಮುಂದಕ್ಕೆ ಬಂದಿರುವುದು, ಎಲ್ಲಾ ಆ ದವಡೆಯ ಕೆಳಗೆ ಮುಚ್ಚಿಹೋಗಿತ್ತು. ಆ ಶೈಲಿ ಹುಟ್ಟಿದ್ದೇ ದೊಡ್ಡ ಗಂಡಸರ ಮೈಕಟ್ಟು ತೋರಿಸಲು. ಮಗುವನ್ನು ಅದರೊಳಗೆ ತುರುಕಿದರೆ ಕುಳ್ಳ ಪೈಲ್ವಾನ ಸಿಗುತ್ತಾನೆ, ಮಗು ಸಿಗಲ್ಲ.

ಆವತ್ತಿನಿಂದ ನಾನು ಯಾರಿಗೇ ಮಾಡಿಕೊಟ್ಟರೂ ಮೊದಲು ಒಂದು ಪರೀಕ್ಷೆ ಮಾಡುತ್ತೇನೆ. ನೀವೂ ಮಾಡಿ. ಚಿತ್ರ ಬರೆಯುವವರಿಗೆ ಹೇಳಿ, ಮಗಳ ಮುಖವನ್ನು ಮೂರು ಶೈಲಿಯಲ್ಲಿ ಬರೆಸಿ. ಪೂರ್ತಿ ಪುಟ ಬೇಡ, ಬರೀ ಮುಖ. ಅದನ್ನು 2 ಸೆಂಟಿಮೀಟರ್ ಎತ್ತರಕ್ಕೆ ಇಳಿಸಿ ಪ್ರಿಂಟ್ ತೆಗೆಯಿರಿ, ಯಾಕೆಂದರೆ ಕಾಮಿಕ್ಸಿನ ಪುಟದಲ್ಲಿ ಮುಖಗಳು ಹೆಚ್ಚಾಗಿ ಬರುವುದು ಅಷ್ಟೇ ಅಳತೆಯಲ್ಲಿ, ಎಷ್ಟೋ ಸಲ ಅದಕ್ಕಿಂತ ಚಿಕ್ಕದಾಗಿ. ಅದನ್ನು ಅವಳ ಅಜ್ಜಿಗೋ ಪಕ್ಕದ ಮನೆಯ ಹುಡುಗಿಗೋ ತೋರಿಸಿ ‘ಇದು ಯಾರು?’ ಅಂತ ಕೇಳಿ. ತಡಮಾಡದೆ ಹೆಸರು ಬಂತಾ, ಆ ಶೈಲಿ ಪಾಸು. ‘ಯಾರೋ ಹುಡುಗಿ’ ಅಂದರೆ, ಚಿತ್ರ ಎಷ್ಟೇ ಚಂದ ಇರಲಿ, ಬಿಟ್ಟುಬಿಡಿ.

ಈಗ ನಿಮ್ಮ ನಾಲ್ಕು ಶೈಲಿಗಳಿಗೆ ಬರೋಣ.

ಕಾಡಿನ ಮುಖವಾಡದ ವೀರ ಫ್ಯಾಂಟಮ್‌ನ ಪಟ್ಟಿ ಚಿತ್ರ (ಕಾಮಿಕ್ ಸ್ಟ್ರಿಪ್) ಶುರುವಾಗಿದ್ದು 1936ರಲ್ಲಿ. ನಮ್ಮಲ್ಲಿ ಅವನನ್ನು ಮನೆಮಾತು ಮಾಡಿದ್ದು 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್. ನಿಮ್ಮ ಯಜಮಾನರ ಪೆಟ್ಟಿಗೆಯಲ್ಲಿ ಇನ್ನೂ ಒಂದೆರಡು ಇರಬಹುದು, ಇದ್ದರೆ ತೆಗೆದು ನೋಡಿ. ಅದರ ಸೊಗಸೆಲ್ಲ ಕಪ್ಪಿನಲ್ಲಿದೆ. ಕಾಡಿನ ಕತ್ತಲು, ಗುಹೆ, ಮುಖದ ಅರ್ಧಕ್ಕೆ ಬಿದ್ದ ನೆರಳು. ಕುಂಚದ ಗೆರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಕೂದಲೆಳೆ. ಸಾಹಸಕ್ಕೆ, ರಾತ್ರಿಗೆ, ಭಯಕ್ಕೆ ಇದರಷ್ಟು ಒಗ್ಗುವ ಶೈಲಿ ಇನ್ನೊಂದಿಲ್ಲ. ಆದರೆ 7 ವರ್ಷದ ಮಗುವಿನ ಮುಖದ ಮೇಲೆ ಕಪ್ಪು ನೆರಳು ಹಾಕಿದರೆ ಎರಡು ತೊಂದರೆ. ಒಂದು, ಅದು ವಯಸ್ಸಾದ ಮುಖದಂತೆ ಕಾಣುತ್ತದೆ. ಎರಡು, ಚಿಕ್ಕದಾಗಿ ಪ್ರಿಂಟ್ ಆದಾಗ ನೆರಳು ಹೋಗಿ ಮಸಿ ಬಳಿದಂತೆ ಆಗುತ್ತದೆ. ಹಾಗಾಗಿ ಪೂರ್ತಿ ಪುಸ್ತಕಕ್ಕೆ ಬೇಡ. ಆದರೆ ಪೂರ್ತಿ ಕೈಬಿಡಬೇಡಿ, ಮುಂದೆ ಒಂದು ಕಡೆ ಬೇಕಾಗುತ್ತದೆ.

ಅಮರ ಚಿತ್ರಕಥೆ ಅಂದರೆ ನನಗೂ ಪ್ರೀತಿ. ಅದನ್ನು ಹುಟ್ಟುಹಾಕಿದ ಅನಂತ ಪೈ ಕಾರ್ಕಳದವರು. 1967ರಿಂದ ಲೆಕ್ಕ ಹಿಡಿಯುವ ಆ ಮಾಲಿಕೆಯ ಮೊದಲ 10 ಸಂಚಿಕೆಗಳು ಬಂದಿದ್ದು ಕನ್ನಡದಲ್ಲಿ, ಅವೂ ನಮ್ಮ ಪುರಾಣದವಲ್ಲ, ಪರದೇಶದ ಮಕ್ಕಳ ಕತೆಗಳು. ನಾವೆಲ್ಲ ನೆನೆಯುವ ಕೃಷ್ಣ ಬಂದಿದ್ದು 11ನೆಯ ಸಂಚಿಕೆಯಲ್ಲಿ. ಈ ಶೈಲಿಯ ಬಲ ಏನಂದರೆ ಬಟ್ಟೆ, ಒಡವೆ, ಅರಮನೆ, ಜನಜಂಗುಳಿ. ಸೀರೆಯ ನೆರಿಗೆ ಬರೆಯಲು ಅವರಿಗೆ ಬರುವ ಹಾಗೆ ಟಿನ್‌ಟಿನ್ ಬರೆದವರಿಗೆ ಬರಲು ಸಾಧ್ಯವೇ ಇಲ್ಲ. ಇದರ ಬಲಹೀನತೆ ಮುಖ. ರಾಜಕುಮಾರಿಯರೆಲ್ಲ ಅಕ್ಕತಂಗಿಯರ ಹಾಗೆ. ಅದೇ ಮೀನಿನ ಕಣ್ಣು, ಅದೇ ಚೂಪು ಮೂಗು. ನಿಮ್ಮ ಮಗಳನ್ನು ಇದರಲ್ಲಿ ಬರೆದರೆ ಚಂದದ ಒಬ್ಬ ಹುಡುಗಿ ಬರುತ್ತಾಳೆ, ನಿಮ್ಮ ಮಗಳು ಬರುವುದು ಕಷ್ಟ.

ಇಲ್ಲಿ ಬಣ್ಣದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮೈಬಣ್ಣದ್ದು. ಹಳೇ ಅಮೆರಿಕನ್ ಕಾಮಿಕ್ಸು ಅಚ್ಚಾಗುತ್ತಿದ್ದದ್ದು ನಾಲ್ಕೇ ಶಾಯಿಯಲ್ಲಿ: ನೀಲಿ, ಗುಲಾಬಿಗೆಂಪು, ಹಳದಿ, ಕಪ್ಪು. ಕಪ್ಪು ಗೆರೆಗೆ. ಉಳಿದ ಮೂರರಲ್ಲಿ ಒಂದೊಂದಕ್ಕೂ ನಾಲ್ಕೇ ಹಂತ: ಏನೂ ಇಲ್ಲ, ಕಾಲು ಭಾಗ, ಅರ್ಧ, ಪೂರ್ತಿ. ನಾಲ್ಕು ನಾಲ್ಕಲೆ ನಾಲ್ಕಲೆ, ಒಟ್ಟು 64 ಬಣ್ಣ. ಅಷ್ಟರಲ್ಲೇ ಜಗತ್ತೆಲ್ಲ ಬರೆಯಬೇಕು. ಕಾಲು ಭಾಗ ಹಳದಿ, ಕಾಲು ಭಾಗ ಗುಲಾಬಿ ಸೇರಿಸಿದರೆ ಬಿಳಿಯರ ಮೈಬಣ್ಣ ಬರುತ್ತಿತ್ತು, ಅದೇ ಅವರ ಸಿದ್ಧ ‘ಮೈಬಣ್ಣ’. ಕಂದು ಬಣ್ಣಕ್ಕೆ ಮೂರೂ ಶಾಯಿ ಬೇಕು. ಆ ಅಗ್ಗದ ಕಾಗದದ ಮೇಲೆ ಮೂರೂ ಸೇರಿದರೆ ರಾಡಿಯಾಗುತ್ತಿತ್ತು, ಒಮ್ಮೊಮ್ಮೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ನಮ್ಮ ಪುರಾಣದ ಕಾಮಿಕ್ಸುಗಳ ಮೇಲೂ ಒಂದು ಹಳೇ ದೂರಿದೆ, ಒಳ್ಳೆಯವರೆಲ್ಲ ಗೋಧಿ ಬಣ್ಣ ಅಥವಾ ನೀಲಿ, ರಾಕ್ಷಸರೆಲ್ಲ ಕಪ್ಪು ಅಂತ. ದೂರು ಸುಳ್ಳಲ್ಲ.

ಹಾಗಾಗಿ ‘ಹಳೇ ಶೈಲಿ’ ಅಂತ ಮಾತ್ರ ಹೇಳಿ ಸುಮ್ಮನಾದರೆ, ಬರೆಯುವವರ ಕೈ ತಾನಾಗಿಯೇ ಆ ಗುಲಾಬಿ ಮೈಬಣ್ಣಕ್ಕೆ ಹೋಗುತ್ತದೆ. ಕಂಪ್ಯೂಟರಿನ ಎಐಗೆ ಕೊಟ್ಟರಂತೂ ಕೇಳುವುದೇ ಬೇಡ, ನಾನು ಮಾಡಿ ನೋಡಿದಾಗೆಲ್ಲ ಮಗುವನ್ನು ಎರಡು ಹಂತ ಬೆಳ್ಳಗೆ ಮಾಡಿ ಕೊಟ್ಟಿದೆ. ನಮ್ಮ ಕಡೆಯ ಬಿಸಿಲಲ್ಲಿ ಆಡುವ ಮಕ್ಕಳ ಬಣ್ಣ ಯಾವುದು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಮಗಳ ಕೈಯ ಫೋಟೋ ಒಂದನ್ನು ಹೊರಗೆ ನೆರಳಿನಲ್ಲಿ ತೆಗೆದು, ‘ಇದೇ ಬಣ್ಣ ಬೇಕು, ಎಲ್ಲಾ ಚೌಕದಲ್ಲೂ ಇದೇ’ ಅಂತ ಮೊದಲ ದಿನವೇ ಕೊಟ್ಟುಬಿಡಿ. ಈಗಿನ ಡಿಜಿಟಲ್ ಮುದ್ರಣದಲ್ಲಿ ಕಂದು ಬಣ್ಣ ತೆಗೆಯುವುದು ಏನೂ ಕಷ್ಟವಿಲ್ಲ. ಆ ಕಾಲದ ಯಂತ್ರಕ್ಕೆ ಆಗದೇ ಇದ್ದದ್ದನ್ನು ಈಗ ನಾವೂ ಅನುಕರಿಸಬೇಕಾಗಿಲ್ಲ.

ಮಾವನವರ ಚಂದಮಾಮಕ್ಕೆ ಬರುತ್ತೇನೆ. 1947ರ ಜುಲೈನಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ, 1949ರಲ್ಲಿ ಕನ್ನಡಕ್ಕೆ ಬಂತು. ಬೇತಾಳನನ್ನು ಹೆಗಲ ಮೇಲೆ ಹೊತ್ತು ಕತ್ತಿ ಹಿಡಿದು ನಡೆಯುವ ರಾಜನ ಚಿತ್ರ ಯಾರಿಗೆ ನೆನಪಿಲ್ಲ? ಅದನ್ನು ಬರೆದ ಶಂಕರ್ 2020ರಲ್ಲಿ ತೀರಿಕೊಂಡರು. ಆದರೆ ಒಂದು ಗಮನಿಸಿ, ಚಂದಮಾಮ ಕಾಮಿಕ್ಸ್ ಅಲ್ಲ. ಅಲ್ಲಿ ಕತೆಯನ್ನು ಹೇಳುವುದು ಅಕ್ಷರ, ಚಿತ್ರ ಪಕ್ಕದಲ್ಲಿ ನಿಂತು ಒಂದು ಗಳಿಗೆಯನ್ನು ಹಿಡಿದು ತೋರಿಸುತ್ತದೆ. ಒಂದು ಚೌಕದಿಂದ ಇನ್ನೊಂದು ಚೌಕಕ್ಕೆ ಓಡುವ ಚಿತ್ರಗಳಲ್ಲ ಅವು. ನಿಮ್ಮ ಮಗಳಿಗೆ ಇನ್ನೂ ಸರಾಗವಾಗಿ ಓದಲು ಬರುವುದಿಲ್ಲ, ನೀವೇ ಓದಿ ಹೇಳುತ್ತೀರಿ ಅನ್ನುವುದಾದರೆ ಇದು ಬಹಳ ಒಳ್ಳೆಯ ದಾರಿ: ಒಂದು ಪುಟಕ್ಕೆ ಒಂದೇ ದೊಡ್ಡ ಚಿತ್ರ, ಕೆಳಗೆ ನಾಲ್ಕು ಸಾಲು. ಅವಳೇ ಓದಬೇಕು, ಬೆಕ್ಕು ಮಾತಾಡಬೇಕು, ಮಾತು ಬರೆಯುವ ಬಲೂನು ಬೇಕು ಅನ್ನುವುದಾದರೆ ಅಲ್ಲ.

ನಿಮ್ಮ ತಮ್ಮ ಹೇಳಿದ್ದು ಸರಿ ಅನ್ನುವುದು ನನ್ನ ತೀರ್ಪು. ಮನೆಯಲ್ಲಿ ಅವನು ಈಗ ಬೀಗಲಿ ಬಿಡಿ.

ಟಿನ್‌ಟಿನ್ ಅನ್ನುವ ವರದಿಗಾರ ಹುಡುಗ ಮೊದಲ ಸಲ ಕಾಣಿಸಿಕೊಂಡಿದ್ದು 1929ರ ಜನವರಿಯಲ್ಲಿ, ಬೆಲ್ಜಿಯಂನ ಒಂದು ಪತ್ರಿಕೆಯ ಮಕ್ಕಳ ಪುರವಣಿಯಲ್ಲಿ. ಆ ಥರದ ಚಿತ್ರಕ್ಕೆ ‘ಕ್ಲಿಯರ್ ಲೈನ್’ ಅನ್ನುವ ಹೆಸರು ಬಿದ್ದದ್ದು ಎಷ್ಟೋ ವರ್ಷ ಆದಮೇಲೆ, 1977ರಲ್ಲಿ, ಹಾಲೆಂಡಿನ ಯೋಸ್ಟ್ ಸ್ವಾರ್ಟೆ ಅನ್ನುವ ಕಲಾವಿದರಿಂದ. ನಾನು ಕನ್ನಡದಲ್ಲಿ ‘ತಿಳಿಗೆರೆ’ ಅನ್ನುತ್ತೇನೆ. ಗೆರೆ ಎಲ್ಲಾ ಕಡೆ ಒಂದೇ ದಪ್ಪ. ಮುಖದ ಮೇಲೆ ನೆರಳಿಲ್ಲ, ಗೀಚು ಗೆರೆಗಳಿಲ್ಲ. ಬಣ್ಣ ಚಪ್ಪಟೆ, ಗೋಡೆಗೆ ಸುಣ್ಣ ಬಳಿದ ಹಾಗೆ. ಮತ್ತು ಇದರ ಗುಟ್ಟು ಇಲ್ಲಿದೆ: ಮುಖ ತೀರಾ ಸರಳ, ಆದರೆ ಹಿಂದಿನ ಊರು, ಕಾರು, ಗೋಡೆ, ಕಿಟಕಿ ಎಲ್ಲಾ ಅಳತೆ ಹಿಡಿದು ಬರೆದಂತೆ ಪಕ್ಕಾ.

ನಿಮ್ಮ ಕತೆಗೆ ಬೇಕಾಗಿರುವುದು ಇದೇ ಅಲ್ವಾ? ಸರಳ ಮುಖವಾದರೆ ನಾಲ್ಕು ಗುರುತಿನಲ್ಲಿ ಮಗಳು ಬಂದುಬಿಡುತ್ತಾಳೆ. ಎರಡು ಜಡೆ, ಅದಕ್ಕೆ ಕಟ್ಟಿದ ರಿಬ್ಬನ್, ಬಿದ್ದ ಹಲ್ಲು, ಗಲ್ಲದ ಮೇಲೊಂದು ಮಚ್ಚೆ, ಏನಿದೆಯೋ ಅದು. ಆ ನಾಲ್ಕು ಗುರುತು 12 ಪುಟದಲ್ಲೂ ಬದಲಾಗಬಾರದು, ಅಷ್ಟೇ. ಬಟ್ಟೆಯೂ ಒಂದೇ ಇರಲಿ. ಟಿನ್‌ಟಿನ್‌ನ ಆ ಹಣೆಗೂದಲು ಮತ್ತು ಮಂಡಿ ಕೆಳಗೆ ಮುಗಿಯುವ ಪ್ಯಾಂಟು ನೋಡಿ, ಮುಖವೇ ಕಾಣದಷ್ಟು ದೂರದಿಂದಲೂ ಅವನು ಯಾರು ಅಂತ ಗೊತ್ತಾಗುತ್ತದೆ. ನಿಮ್ಮ ಮಗಳಿಗೆ ದಿನಾ ಹಾಕಲು ಹಟ ಮಾಡುವ ಒಂದು ಫ್ರಾಕ್ ಇದ್ದೇ ಇರುತ್ತದೆ, ಅದನ್ನೇ ಬರೆಸಿ. ಹುಟ್ಟುಹಬ್ಬಕ್ಕೆ ತಂದ ಹೊಸ ಬಟ್ಟೆ ಬೇಡ, ಅದರಲ್ಲಿ ಅವಳು ತನ್ನನ್ನು ತಾನು ಇನ್ನೂ ನೋಡಿಕೊಂಡೇ ಇಲ್ಲ.

ಹಿಂದಿನ ದೃಶ್ಯಕ್ಕೆ ನಿಮ್ಮೂರು ಸಾಲದೇ? ಬೀದರ್ ಕೋಟೆಯ ಗೋಡೆ ಕೆಂಪು ಜಂಬಿಟ್ಟಿಗೆ ಕಲ್ಲಿನದು. ಬೆಳಗಿನ ಬಿಸಿಲಿಗೆ ಕಿತ್ತಳೆ, ಸಂಜೆಗೆ ಇಟ್ಟಿಗೆ ಕೆಂಪು. ಗವಾನ್ ಮದರಸಾದ ಉಳಿದಿರುವ ಆ ಒಂದು ಮಿನಾರಿನ ಮೇಲೆ ನೀಲಿ, ಹಸಿರು ಹೆಂಚಿನ ಚೂರುಗಳು ಇನ್ನೂ ಅಂಟಿಕೊಂಡಿವೆ, 1472ರ ಕಟ್ಟಡ. ಮೇಲೆ ನಮ್ಮ ಕಡೆಯ ಬಣ್ಣಗೆಟ್ಟ ಬೇಸಿಗೆಯ ಆಕಾಶ. ಕೆಂಪು ಕಲ್ಲು, ನೀಲಿ ಹೆಂಚು, ಮಾಸಲು ಹಳದಿ ಆಕಾಶ: ಮೂರು ಬಣ್ಣದಲ್ಲಿ ಪುಸ್ತಕ ಮುಗಿಯಿತು. ಹಳೇ ಕಾಮಿಕ್ಸು ಹಳೇದಾಗಿ ಕಾಣುವುದು ಬಣ್ಣ ಕಡಿಮೆ ಇರುವುದರಿಂದ. ಬರೆಯುವವರಿಗೆ ಹೇಳಿ, ಇಡೀ ಪುಸ್ತಕಕ್ಕೆ ಏಳೆಂಟು ಬಣ್ಣಕ್ಕಿಂತ ಜಾಸ್ತಿ ಬೇಡ. ಫ್ರಾಕಿನ ಬಣ್ಣ ಮಾತ್ರ ಬೇರೆ ಯಾವುದಕ್ಕೂ ಬಳಸಬಾರದು. ಕೋಟೆ ಕೆಂಪು ಇರುವುದರಿಂದ ಕೆಂಪು ಫ್ರಾಕ್ ಆದರೆ ಅವಳು ಗೋಡೆಯಲ್ಲಿ ಕರಗಿಹೋಗುತ್ತಾಳೆ, ಅದೊಂದು ನೋಡಿಕೊಳ್ಳಿ. ಅವಳ ಇಷ್ಟದ್ದು ಕೆಂಪೇ ಆಗಿದ್ದರೆ ಕೋಟೆಯನ್ನು ತುಸು ಮಾಸಲು ಮಾಡಿಸಿ, ಫ್ರಾಕನ್ನು ಬದಲಿಸಬೇಡಿ.

ಈಗ ಯಜಮಾನರ ಫ್ಯಾಂಟಮ್‌ಗೆ ಜಾಗ ಕೊಡೋಣ. ನಿಮ್ಮ ಕತೆಯಲ್ಲಿ ಕಳೆದುಹೋಗುವುದು ಬಿದ್ರಿ ಡಬ್ಬಿ. ಬಿದ್ರಿ ಹೇಗೆ ಮಾಡುತ್ತಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ, ಆದರೂ ಚಿತ್ರ ಬರೆಯುವವನ ಕಣ್ಣಿಂದ ಒಮ್ಮೆ ನೋಡಿ. ಸತು, ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ, ಮೇಲೆ ಗೆರೆ ಕೆತ್ತಿ ಬೆಳ್ಳಿ ತಂತಿ ಕೂರಿಸುತ್ತಾರೆ. ಆವಾಗ ಅದು ಇನ್ನೂ ಬೂದು, ಬೆಳ್ಳಿ ಎದ್ದು ಕಾಣುವುದೇ ಇಲ್ಲ. ಕೊನೆಗೆ ಕೋಟೆಯ ಹಳೇ ಮಣ್ಣಿಗೆ ನವಸಾಗರ ಬೆರೆಸಿ ತಿಕ್ಕಿದಾಗ ಲೋಹ ಕರ್ರಗಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಕಪ್ಪಿನ ಮೇಲೆ ಬಿಳಿ ಗೆರೆ. ಹಳೇ ಸಾಹಸ ಕಾಮಿಕ್ಸಿನ ರಾತ್ರಿ ದೃಶ್ಯವೂ ಅದೇ ಅಲ್ವಾ! ಬಿಳಿ ಹಾಳೆಯ ಮೇಲೆ ಕಪ್ಪು ಗೆರೆ ಎಳೆಯುವುದನ್ನು ಬಿಟ್ಟು, ಇಡೀ ಚೌಕವನ್ನೇ ಕಪ್ಪು ತುಂಬಿ ಬೇಕಾದಷ್ಟೇ ಬಿಳಿ ಬಿಡುವುದು.

ಅದಕ್ಕೇ ನನ್ನ ಸಲಹೆ: ಮಗಳೂ ಬೆಕ್ಕೂ ಕೋಟೆಯೊಳಗೆ ಒಂದು ಕತ್ತಲ ಸುರಂಗಕ್ಕೆ ಇಳಿಯುತ್ತಾರೆ ಅಂತ ಇಟ್ಟುಕೊಳ್ಳಿ. 7ನೇ, 8ನೇ ಪುಟ. ಆ ಎರಡು ಪುಟ ಮಾತ್ರ ಬಣ್ಣವೇ ಬೇಡ. ಪೂರ್ತಿ ಕಪ್ಪು, ಅದರಲ್ಲಿ ಬಿಳಿ ಗೆರೆಯಲ್ಲಿ ಕಮಾನು, ಮೆಟ್ಟಿಲು, ಬೆಕ್ಕಿನ ಎರಡು ಕಣ್ಣು, ಇವಳ ಜಡೆಯ ಅಂಚು. 9ನೇ ಪುಟಕ್ಕೆ ಡಬ್ಬಿ ಕೈಗೆ ಸಿಕ್ಕು ಹೊರಗೆ ಬಂದಾಗ ಮತ್ತೆ ಕೆಂಪು ಕೋಟೆ, ಹಳದಿ ಬಿಸಿಲು. ಇಡೀ ಎರಡು ಪುಟ ಬಿದ್ರಿ ಡಬ್ಬಿಯ ಒಳಗೇ ಇದ್ದು ಬಂದ ಹಾಗೆ. ಶೈಲಿ ಬದಲಾಗಿದ್ದು ಮಗುವಿಗೆ ಗೊತ್ತಾಗುತ್ತದೆ, ಯಾಕೆ ಅಂತಲೂ ತಾನಾಗಿಯೇ ಗೊತ್ತಾಗುತ್ತದೆ. ಸುಮ್ನೆ ಅಲಂಕಾರಕ್ಕೆ ಶೈಲಿ ಬೆರೆಸಿದರೆ ಮಾತ್ರ ಖಿಚಡಿ ಆಗುವುದು.

ಹೊದಿಕೆ ಪುಟಕ್ಕೆ ನಿಮ್ಮ ಅಮರ ಚಿತ್ರಕಥೆಯ ಆಸೆ ತೀರಿಸಿಕೊಳ್ಳಿ. ಆ ಕಾಲದ ಪದ್ಧತಿಯೇ ಹಾಗೆ, ಒಳಗೆ ಗೆರೆ ಮತ್ತು ಚಪ್ಪಟೆ ಬಣ್ಣ, ಹೊರಗೆ ಮಾತ್ರ ಬಣ್ಣ ಕಲಸಿ ಬರೆದ ಪೂರ್ತಿ ಪೇಂಟಿಂಗ್. ಹೊದಿಕೆಗೆ ಅಮೆರಿಕದ ಕಡೆ ನೋಡುವ ಮೊದಲು ನಮ್ಮವರನ್ನೇ ನೋಡಿ. ಎಸ್.ಎಂ. ಪಂಡಿತರು ಹುಟ್ಟಿದ್ದು 1916ರಲ್ಲಿ, ನಮ್ಮ ಕಲಬುರಗಿಯಲ್ಲೇ. ಮುಂಬೈಗೆ ಹೋಗಿ ಸಿನಿಮಾ ಪೋಸ್ಟರು ಬರೆದರು, ಕ್ಯಾಲೆಂಡರಿನ ದೇವರನ್ನು ಬರೆದರು. ಅವರ ಹೆಸರಿನ ರಂಗಮಂದಿರ ಇಲ್ಲಿದೆ, ನಾವೆಲ್ಲ ನಾಟಕ ನೋಡಲು ಹೋಗುತ್ತೇವೆ, ಆದರೆ ಅವರ ಚಿತ್ರ ನೋಡಿದವರು ಎಷ್ಟು ಜನ? ಅವರ ಕ್ಯಾಲೆಂಡರ್ ಚಿತ್ರ ನೋಡಿದರೆ ಮೈ ಉಬ್ಬಿ ಹೊರಗೆ ಬಂದಂತೆ, ಹಿಂದಿನಿಂದ ಯಾರೋ ದೀಪ ಹಿಡಿದಂತೆ ಬೆಳಕು. ಅದನ್ನು ನಕಲು ಮಾಡಿ ಅನ್ನುತ್ತಿಲ್ಲ. ಆ ಬೆಳಕನ್ನು ಬರೆಯುವವರಿಗೆ ತೋರಿಸಿ. ಕೋಟೆ ಬಾಗಿಲಲ್ಲಿ ಮಗಳು ನಿಂತಿದ್ದಾಳೆ, ಹಿಂದಿನಿಂದ ಸಂಜೆ ಬಿಸಿಲು, ತಲೆಗೂದಲಿಗೆ ಚಿನ್ನದ ಅಂಚು, ಕಂಕುಳಲ್ಲಿ ಬೆಕ್ಕು. ಹೊದಿಕೆಯಲ್ಲಿ ಮುಖ ದೊಡ್ಡದಾಗಿ ಬರುವುದರಿಂದ ಇಲ್ಲಿ ಪೇಂಟಿಂಗ್ ಮಾಡಿದರೂ ಗುರುತು ಸಿಗುತ್ತದೆ. ಅಲ್ಲಿಗೆ ಮಾವನವರು ಒಬ್ಬರು ಉಳಿದರು. ಕೊನೆಯ ಪುಟದಲ್ಲಿ ಅಜ್ಜಿ ಡಬ್ಬಿಯ ಕತೆ ಹೇಳುವ ಒಂದು ದೊಡ್ಡ ಚಿತ್ರ, ಕೆಳಗೆ ನಾಲ್ಕು ಸಾಲು. ಅದು ಅವರಿಗೆ.

ಯಾರೂ ಮೊದಲಿಗೆ ಯೋಚಿಸದ, ಕೊನೆಗೆ ಎಲ್ಲರಿಗೂ ಪೆಟ್ಟು ಕೊಡುವ ವಿಷಯ ಅಕ್ಷರ.

ಇಂಗ್ಲಿಷ್ ಕಾಮಿಕ್ಸಿನಲ್ಲಿ ಹೆಚ್ಚಾಗಿ ಎಲ್ಲವೂ ದೊಡ್ಡಕ್ಷರ, ಒಂದೇ ಎತ್ತರ, ಸಾಲುಗಳನ್ನು ಒತ್ತಿ ಕೂರಿಸಬಹುದು. ಕನ್ನಡಕ್ಕೆ ಅದು ಆಗುವುದಿಲ್ಲ. ನಮಗೆ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ‘ಅಜ್ಜಿ’ ಬರೆದ ಸಾಲಿನ ಕೆಳಗೆ ‘ಇಲ್ಲೇ’ ಬಂದರೆ ಜ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಅಂದರೆ ಸಾಲಿನ ನಡುವೆ ಜಾಗ ಜಾಸ್ತಿ ಬೇಕು, ಅಂದರೆ ಬಲೂನು ದೊಡ್ಡದಾಗುತ್ತದೆ, ಅಂದರೆ ಚಿತ್ರಕ್ಕೆ ಜಾಗ ಕಡಿಮೆ. ಜೊತೆಗೆ ನಮ್ಮ ಪದಗಳು ಉದ್ದ. ‘ಹುಡುಕಿಕೊಂಡು’ ಅನ್ನುವ ಒಂದೇ ಪದ ಬಲೂನಿನ ಒಂದು ಸಾಲನ್ನು ತಿಂದುಬಿಡುತ್ತದೆ. ಇಂಗ್ಲಿಷಿನ ಹಾಗೆ ನಡುವೆ ಗೀಟು ಹಾಕಿ ಮುರಿದರೆ 7 ವರ್ಷದ ಮಗು ಅಲ್ಲೇ ಎಡವುತ್ತದೆ. ಮೊದಲು ಚಿತ್ರ ಬರೆದು ಆಮೇಲೆ ಬಲೂನು ಇಟ್ಟರೆ ಅಮ್ಮನ ಮುಖದ ಮೇಲೋ ಬೆಕ್ಕಿನ ಮೇಲೋ ಕೂರುತ್ತದೆ. ಮಾತು ಮೊದಲು ಬರೆದು ಕೊಡಿ, ಬಲೂನಿನ ಜಾಗ ಬಿಟ್ಟು ಚಿತ್ರ ಬರೆಯಲಿ. ಒಂದು ಬಲೂನಿಗೆ ಏಳೆಂಟು ಪದ ಸಾಕು, ಒಂದು ಪುಟಕ್ಕೆ ನಾಲ್ಕೈದು ಚೌಕ ಸಾಕು. ಅಕ್ಷರ 12 ಪಾಯಿಂಟಿಗಿಂತ ಚಿಕ್ಕದು ಬೇಡ. ಹಳೇ ಫೋಟೋಶಾಪಿನಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದು ಕೂರುತ್ತಿದ್ದರೆ, ಸೆಟ್ಟಿಂಗಿನಲ್ಲಿ ‘ವರ್ಲ್ಡ್ ರೆಡಿ ಲೇಔಟ್’ ಅಂತ ಇರುತ್ತದೆ, ಅದನ್ನು ಆನ್ ಮಾಡಲು ಹೇಳಿ. ಎಐ ಚಿತ್ರದೊಳಗೇ ಕನ್ನಡ ಬರೆಸುವುದಂತೂ ಬೇಡ. ಎಷ್ಟೋ ಸಲ ಕನ್ನಡದ ಹಾಗೆ ಕಾಣುವ ಇನ್ಯಾವುದೋ ಬಂದು ಕೂರುತ್ತದೆ, ಓದಲು ಕಲಿಯುತ್ತಿರುವ ಮಗು ಅದನ್ನೇ ಸರಿ ಅಂದುಕೊಳ್ಳುತ್ತದೆ.

ಮಾತು ಹೇಗಿರಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮನೆಯಲ್ಲಿ ಅಜ್ಜಿ ‘ಎಲ್ಲಿ ಹೊಂಟೀ?’ ಅಂತ ಕೇಳುವವರಾದರೆ ಬಲೂನಿನಲ್ಲೂ ಅದೇ ಇರಲಿ. ‘ನೀನು ಎಲ್ಲಿಗೆ ಹೋಗುತ್ತಿರುವೆ ಮಗು?’ ಅಂತ ಬರೆದರೆ ಅದು ಬೇರೆ ಯಾರದೋ ಅಜ್ಜಿ. ಸದ್ದುಗಳಿಗೂ ಅಷ್ಟೇ. ಡಬ್ಬಿ ಕಲ್ಲಿನ ಮೇಲೆ ಬಿದ್ದರೆ ‘ಟಣ್!’ ಬೆಕ್ಕು ಗೋಡೆಯಿಂದ ಹಾರಿದರೆ ‘ಧೊಪ್!’ ಇಂಗ್ಲಿಷಿನ ಹಳೇ ಸದ್ದುಗಳನ್ನು ಕನ್ನಡ ಲಿಪಿಯಲ್ಲಿ ಬರೆದರೆ ಓದಲು ನಗು ಬರುತ್ತದೆ, ಅದೂ ತಪ್ಪು ಜಾಗದಲ್ಲಿ. ಸದ್ದಿನ ಅಕ್ಷರವನ್ನು ಮಾತ್ರ ಫಾಂಟಿನಲ್ಲಿ ಹಾಕಬೇಡಿ, ಕೈಯಲ್ಲೇ ಬರೆಸಿ. ಹಳೇ ಕಾಲ ಅಂತ ಕಣ್ಣಿಗೆ ಹೊಡೆಯುವುದು ಅದರಿಂದಲೇ.

ಇನ್ನು ಆ ಚುಕ್ಕೆಗಳು. ಹಳೇ ಕಾಮಿಕ್ಸು ಹತ್ತಿರದಿಂದ ನೋಡಿದರೆ ಬಣ್ಣವೆಲ್ಲ ಸಣ್ಣ ಚುಕ್ಕೆಗಳು. ಬೆನ್ ಡೇ ಅನ್ನುವವರು 1879ರಲ್ಲಿ ಹುಟ್ಟುಹಾಕಿದ ಪದ್ಧತಿ, ಕಡಿಮೆ ಶಾಯಿಯಲ್ಲಿ ತಿಳಿ ಬಣ್ಣ ತೋರಿಸಲು. ಈಗ ಒಂದು ಗುಂಡಿ ಒತ್ತಿದರೆ ಕಂಪ್ಯೂಟರು ಹಾಕಿಕೊಡುತ್ತದೆ, ಹಾಗಾಗಿ ಎಲ್ಲರೂ ಎಲ್ಲಾ ಕಡೆ ಹಾಕುತ್ತಾರೆ. ಎರಡೇ ಮಾತು: ಮುಖದ ಮೇಲೆ ಚುಕ್ಕೆ ಬೇಡ, ಅಮ್ಮವ್ರು (ಸಿಡುಬು) ಎದ್ದ ಹಾಗೆ ಕಾಣುತ್ತದೆ. ಮತ್ತು ಚುಕ್ಕೆ ಹಾಕುವುದು ಕಟ್ಟಕಡೆಯ ಕೆಲಸ, ಪುಟ ಎಷ್ಟು ಅಳತೆಗೆ ಅಚ್ಚಾಗುತ್ತದೋ ಆ ಅಳತೆಗೆ ತಂದ ಮೇಲೆ. ಚುಕ್ಕೆ ಹಾಕಿ ಆಮೇಲೆ ಪುಟ ಹಿಗ್ಗಿಸಿದರೆ ಕುಗ್ಗಿಸಿದರೆ ರೇಷ್ಮೆ ಸೀರೆಯ ಮೇಲಿನ ಅಲೆಯಂತೆ ವಿಚಿತ್ರ ಪಟ್ಟೆಗಳು ಏಳುತ್ತವೆ.

ಹಳದಿ ಬಣ್ಣದ ಫಿಲ್ಟರ್ ಹಾಕಿ ‘ವಿಂಟೇಜ್’ ಮಾಡುವವರೂ ಇದ್ದಾರೆ. ನಾನೂ ಮಾಡಿದ್ದೆ. ಕಲೆ ಬಿದ್ದ ಕಾಗದದ ಚಿತ್ರವನ್ನು ಹಿಂದೆ ಇಟ್ಟು, ಮೂಲೆ ಸುಟ್ಟ ಹಾಗೆ ಮಾಡಿ, ಹೊಳೆಯುವ ಆರ್ಟ್ ಪೇಪರಿನ ಮೇಲೆ ಅಚ್ಚು ಹಾಕಿಸಿ ಒಬ್ಬರ ಮನೆಗೆ ಕೊಟ್ಟೆ. ಮಗುವಿನ ಅಜ್ಜಿ ಕೈಗೆ ತೆಗೆದುಕೊಂಡು ಸೆರಗಿನಿಂದ ಒರೆಸಿ ನೋಡಿದರು. ‘ಮಳಿಗಿ ತೊಯ್ದದೇನು?’ ಅಂದರು. ಹೊಳೆಯುವ ಕಾಗದದ ಮೇಲೆ ಹಳೇ ಕಲೆ, ಯಾರಿಗೆ ನಂಬಿಕೆ ಬರುತ್ತದೆ! ಹಳೇತನ ಬೇಕಿದ್ದರೆ ಕಾಗದದಲ್ಲಿ ತನ್ನಿ. ಹೊಳಪಿಲ್ಲದ, ತುಸು ಕೆನೆ ಬಣ್ಣದ ಕಾಗದ, 100 ಜಿಎಸ್‌ಎಂ (ಕಾಗದದ ತೂಕದ ಅಳತೆ) ಇದ್ದರೆ ಸಾಕು, ‘ನ್ಯಾಚುರಲ್ ಶೇಡ್’ ಅಂತ ಕೇಳಿ. ಹೊದಿಕೆಗೆ 250 ಜಿಎಸ್‌ಎಂ. ಬೆನ್ನಿಗೆ ಎರಡು ಪಿನ್ನು. ಪಿನ್ನು ಹೊಡೆಯುವ ಪುಸ್ತಕದ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು, ನಿಮ್ಮ 12 ಸರಿಯಾಗಿದೆ. ಒಳಗೆ ಒಂದು ಪುಟ ಸೇರಿಸೋಣ ಅಂತ ಕೊನೆಗಳಿಗೆಯಲ್ಲಿ ಹೊರಟರೆ ಮೂರು ಖಾಲಿ ಪುಟ ಉಳಿಯುತ್ತದೆ. ಗೆರೆಚಿತ್ರದ ಫೈಲು 600 ಡಿಪಿಐ (ಒಂದು ಇಂಚಿಗೆ ಅಷ್ಟು ಚುಕ್ಕೆ) ಇರಲಿ, 300ಕ್ಕೆ ತೆಗೆದರೆ ತಿಳಿಗೆರೆಯ ಅಂಚು ಹಲ್ಲುಹಲ್ಲಾಗುತ್ತದೆ. ಮೊದಲು ಒಂದೇ ಪ್ರತಿ ತೆಗೆಸಿ, ಅದನ್ನು ಬಿಸಿಲಿನಲ್ಲೂ ರಾತ್ರಿ ಲೈಟಿನಲ್ಲೂ ನೋಡಿ, ಆಮೇಲೆ ಉಳಿದವು. ಮೈಬಣ್ಣ ಮೊಬೈಲಿನಲ್ಲಿ ಕಂಡ ಹಾಗೆ ಕಾಗದದ ಮೇಲೆ ಬರುವುದಿಲ್ಲ, ಸಾಮಾನ್ಯವಾಗಿ ಒಂದು ಗುಂಜಿ ಕಪ್ಪಾಗಿಯೇ ಬರುತ್ತದೆ.

ಟಿನ್‌ಟಿನ್ ಥರ ಗೆರೆ ಎಳೆಯಬಹುದು, ಅವನ ನಾಯಿಯನ್ನು ತಂದು ಕತೆಯೊಳಗೆ ಬಿಡಬಾರದು. ಫ್ಯಾಂಟಮ್ ಉಂಗುರವೂ ಅಷ್ಟೇ. ಪಾತ್ರಗಳು ಯಾರದೋ ಸ್ವತ್ತು, ಗೆರೆಯ ರೀತಿ ಯಾರ ಸ್ವತ್ತೂ ಅಲ್ಲ. ಹೇಗೂ ನಿಮ್ಮ ಬೆಕ್ಕಿದೆಯಲ್ಲ.

ಒಂದು ಕೊನೇ ಕೆಲಸ, ಇವತ್ತೇ ಮಾಡಿ. ಚಿತ್ರ ಬರೆಯುವವರಿಗೆ ಕಳಿಸುವ ಫೋಟೋಗಳು. ನಾಲ್ಕು ಸಾಕು: ಎದುರಿನಿಂದ, ಎರಡು ಪಕ್ಕದಿಂದ, ಮತ್ತೊಂದು ನಗುವಾಗ. ನಿಂತು ಮೇಲಿನಿಂದ ತೆಗೆಯಬೇಡಿ, ಹಣೆ ದೊಡ್ಡದಾಗಿ ಕಾಲು ಗಿಡ್ಡವಾಗಿ ಬರುತ್ತದೆ. ನೀವೇ ಕೆಳಗೆ ಕೂತು ಅವಳ ಕಣ್ಣಿನ ಮಟ್ಟದಿಂದ ತೆಗೆಯಿರಿ. ಮುಂದಿನ ಕ್ಯಾಮೆರಾದಲ್ಲಿ, ಸೆಲ್ಫಿಯಲ್ಲಿ ತೆಗೆದದ್ದನ್ನಂತೂ ಕಳಿಸಲೇಬೇಡಿ. ಎಷ್ಟೋ ಮೊಬೈಲು ಅದನ್ನು ಕನ್ನಡಿಯಂತೆ ಎಡಬಲ ತಿರುಗಿಸಿ ಇಡುತ್ತವೆ. ಮಚ್ಚೆ ಆ ಗಲ್ಲದಿಂದ ಈ ಗಲ್ಲಕ್ಕೆ ಬಂದುಬಿಡುತ್ತದೆ, ದೊಡ್ಡವರು ಯಾರೂ ಗಮನಿಸುವುದಿಲ್ಲ, ಅವಳು ಗಮನಿಸುತ್ತಾಳೆ. ಏಳರ ವಯಸ್ಸಿಗೆ ಮುಂದಿನ ಹಲ್ಲು ಬಿದ್ದಿರುತ್ತದೆ ಅಥವಾ ಅಲ್ಲಾಡುತ್ತಿರುತ್ತದೆ. ಬಿದ್ದಿದ್ದರೆ ಬಲಗಡೆಯದೋ ಎಡಗಡೆಯದೋ ಕೈಯಾರೆ ಬರೆದು ಕಳಿಸಿ. ಅಲ್ಲಾಡುತ್ತಿದ್ದರೆ ನಗುವ ಚೌಕಗಳನ್ನು ಕೊನೆಗೆ ಬರೆಯಲು ಹೇಳಿ, ಬರುವ ತಿಂಗಳ ಹೊತ್ತಿಗೆ ಅದು ಬಿದ್ದೇ ಬಿದ್ದಿರುತ್ತದೆ.